ಇರುಳು ನಡೆಯುವವರ ತಾಲೀಮು

ಹೋಳಿ ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗುವಷ್ಟರಲ್ಲಿ ರಾಯಚೂರು ಜಿಲ್ಲೆಯ ರಸ್ತೆಗಳಿಗೆ ಬೇರೊಂದು ಕಳೆ ಬರುತ್ತದೆ. ಬಾಗಲಕೋಟೆ, ವಿಜಯಪುರದ ಕಡೆಯವರು ಲಿಂಗಸುಗೂರು, ಕವಿತಾಳ, ಸಿರವಾರದ ಮೇಲೆ ಬರುತ್ತಾರೆ. ಸುರಪುರ, ಶಹಾಪುರದ ಕಡೆಯವರು ಕೃಷ್ಣೆಯನ್ನು ದಾಟಿ ದೇವದುರ್ಗದ ಮೇಲೆ ಬರುತ್ತಾರೆ. ಮಾನ್ವಿಯ ಸುತ್ತಲಿನ ಹಳ್ಳಿಗಳವರು ತಮ್ಮ ತಮ್ಮ ಓಣಿಯ ತಂಡ ಕಟ್ಟಿಕೊಂಡು ಹೊರಡುತ್ತಾರೆ. ಎಲ್ಲರ ಮುಖವೂ ಒಂದೇ ದಿಕ್ಕಿಗೆ. ಯುಗಾದಿಗೆ ಶ್ರೀಶೈಲ ಮುಟ್ಟಬೇಕು, ಮಲ್ಲಯ್ಯನ ದರ್ಶನವಾಗಬೇಕು. ಹೆಗಲ ಮೇಲೆ ಕಂಬಿ ಹೊತ್ತವರು, ಬರಿಗಾಲಿನ ಹರಕೆಯವರು, ಮರಗಾಲು ಕಟ್ಟಿಕೊಂಡು ಹೆಜ್ಜೆ ಹಾಕುವ ಗಟ್ಟಿಗರು, ಕಂಕುಳಲ್ಲಿ ಕೂಸಿರುವ ತಾಯಂದಿರು ಎಲ್ಲರೂ ಅದರಲ್ಲಿದ್ದಾರೆ. ದಾರಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ಮಜ್ಜಿಗೆ, ಕಲ್ಲಂಗಡಿ, ಅನ್ನ ಸಾರು ನೀಡುತ್ತಾರೆ. ಕಾಲಿಗೆ ಎಣ್ಣೆ ತಿಕ್ಕುವ ಸೇವೆಯನ್ನೂ ಮಾಡುತ್ತಾರೆ.

ಈ ಜನರ ಹೆಚ್ಚಿನ ನಡಿಗೆ ಸಾಗುವುದು ಇರುಳಿನಲ್ಲಿ ಮತ್ತು ಬೆಳಗಿನ ಜಾವದಲ್ಲಿ. ಕಾರಣವನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಯಚೂರಿನ ಬಿಸಿಲು ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಮಾರ್ಚ್ ಕೊನೆಯ ವಾರವೂ ಅದಕ್ಕೆ ಬಹಳ ದೂರವಿರುವುದಿಲ್ಲ. ಗಾಳಿಯ ಉಷ್ಣತೆ ಅಷ್ಟಿರುವಾಗ ಡಾಂಬರಿನ ಮೈ 60 ಡಿಗ್ರಿಯನ್ನೂ ಮೀರಬಲ್ಲದು. ಅಂಥ ನೆಲದ ಮೇಲೆ ಬರಿಗಾಲಿಡುವುದೆಂದರೆ ಕಾದ ಹಂಚಿನ ಮೇಲೆ ಇಟ್ಟ ಹಾಗೆ. ಹೀಗಾಗಿ ಸಂಜೆ ಐದಕ್ಕೆ ಹೊರಟು ಹತ್ತರವರೆಗೆ, ಮತ್ತೆ ನಡುರಾತ್ರಿ ಎರಡಕ್ಕೆ ಎದ್ದು ಬೆಳಗಿನ ಎಂಟರವರೆಗೆ ಎಂಬುದು ಹಳಬರ ಲೆಕ್ಕ. ಕೇಳಲು ಸುಲಭ. ಆದರೆ ಒಂದು ವಾರಕ್ಕೂ ಹೆಚ್ಚು ಕಾಲ, ದಿನಕ್ಕೆ 25ರಿಂದ 30 ಕಿಲೋಮೀಟರಿನಂತೆ, ಮಲಗುವ ಹೊತ್ತಿನಲ್ಲಿ ನಡೆದು ನಡೆಯುವ ಹೊತ್ತಿನಲ್ಲಿ ಮಲಗುವುದಿದೆಯಲ್ಲ, ಅದು ಭಕ್ತಿಯೊಂದರಿಂದಲೇ ಆಗುವ ಕೆಲಸವಲ್ಲ. ದೇಹವನ್ನು ಮೊದಲೇ ಒಪ್ಪಿಸಿಕೊಂಡಿರಬೇಕು.

ಮಾನ್ವಿ ತಾಲ್ಲೂಕಿನ ಒಂದು ಮನೆಯಲ್ಲಿ 2025ರ ಸಂಕ್ರಾಂತಿಯ ಮರುದಿನ ಇದೇ ಮಾತು ಎದ್ದಿತು. ಆ ಮನೆಯ ಯಜಮಾನರು ಭತ್ತ ಬೆಳೆಯುವ ರೈತರು. ಹನ್ನೊಂದು ವರ್ಷ ತಪ್ಪದೆ ನಡೆದವರು, ಹನ್ನೆರಡು ಮುಗಿಸುತ್ತೇನೆಂದು ಹರಕೆ ಹೊತ್ತವರು. ಆದರೆ ಹಿಂದಿನ ಮಳೆಗಾಲದಲ್ಲಿ ಗದ್ದೆಯಲ್ಲಿ ಅವರ ಪಾದಕ್ಕೆ ಗಾಜಿನ ಚೂರು ಚುಚ್ಚಿತ್ತು. ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದದ್ದನ್ನು ಹೆಂಡತಿ ನೋಡುವವರೆಗೆ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ರಾಯಚೂರಿನಲ್ಲಿ ತೋರಿಸಿದಾಗ ಸಕ್ಕರೆ ಕಾಯಿಲೆ ಹಲವು ವರ್ಷಗಳಿಂದ ಇದ್ದು, ಪಾದದ ನರಗಳು ಮೊಂಡಾಗಿವೆ ಎಂದು ತಿಳಿಯಿತು. ನೋವು ಎಂಬುದು ದೇಹದ ಕಾವಲುಗಾರ. ಆ ಕಾವಲುಗಾರ ನಿದ್ದೆ ಹೋದರೆ ಗುಳ್ಳೆ ಹುಣ್ಣಾದದ್ದೂ, ಹುಣ್ಣು ಕೀವಾದದ್ದೂ ತಿಳಿಯುವುದಿಲ್ಲ. ಬರಿಗಾಲಿನಲ್ಲಿ ಒಂದು ಫರ್ಲಾಂಗೂ ನಡೆಯಕೂಡದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು.

ಆಗ ಮಗ, ಬಿ.ಎ. ಎರಡನೆಯ ವರ್ಷದವನು, "ನಿನ್ನ ಬದಲಿಗೆ ನಾ ಹೋಗ್ತೀನಿ ಬಿಡಪ್ಪ" ಎಂದ. ಅವ್ವನಿಗೆ ಸಮಾಧಾನವಿಲ್ಲ. "ಮುಂಜಾನೆ ಎಂಟರತನಕ ಹಾಸಿಗಿ ಬಿಟ್ಟು ಏಳಂಗಿಲ್ಲ, ರಾತ್ರಿಯೆಲ್ಲ ಹ್ಯಾಂಗ ನಡೀತೀಯೋ ತಮ್ಮಾ?" ಹುಡುಗ ನಕ್ಕ. ತಾನು ದಿನಾ ಕ್ರಿಕೆಟ್ ಆಡುವವನು, ನಡೆಯುವುದೇನು ಮಹಾ ಎಂಬ ಧೈರ್ಯ. ಅಪ್ಪ ಮಾತಾಡಲಿಲ್ಲ. ಮರುದಿನ ಸಂಜೆ ಮಗನನ್ನು ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆಯ ಮೇಲೆ ಹೊರಡಿಸಿ, ತಾವು ಸೈಕಲ್ ಮೇಲೆ ಹಿಂದೆ ಹೋದರು. ಹನ್ನೆರಡು ಕಿಲೋಮೀಟರು ಮುಗಿಯುವಷ್ಟರಲ್ಲಿ ಹುಡುಗನ ಬಲ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಗುಳ್ಳೆ ಎದ್ದಿತ್ತು.

ಕ್ರಿಕೆಟ್ ಆಡುವ ಕಾಲು ಬೇರೆ, ರಾತ್ರಿಯಿಡೀ ನಡೆಯುವ ಕಾಲು ಬೇರೆ. ಒಂದು ಓಟ, ಆಮೇಲೆ ಐದು ನಿಮಿಷದ ಬಿಡುವು. ಆ ಅಭ್ಯಾಸದಿಂದ ಬರುವ ಶಕ್ತಿ ತುಸು ಹೊತ್ತಿನದು. ದೂರದ ನಡಿಗೆಗೆ ಬೇಕಾದ ತಾಳಿಕೆ ನಿಧಾನವಾಗಿ ಬರುತ್ತದೆ. ವಾರಗಟ್ಟಲೆ ನಡೆದಾಗ ಸ್ನಾಯುಗಳಲ್ಲಿ ರಕ್ತದ ಸಣ್ಣ ನಾಳಗಳು ಹೆಚ್ಚುತ್ತವೆ, ಆಮ್ಲಜನಕವನ್ನು ಬಳಸಿ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕಲು ಕಲಿಯುತ್ತದೆ. ಇದರಲ್ಲಿ ಒಂದು ತೊಡಕಿದೆ, ತರುಣರು ಎಡವುವುದು ಅಲ್ಲೇ. ಹೃದಯ ಮತ್ತು ಸ್ನಾಯು ಬೇಗ ಪಳಗುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಹುರಿ ಮತ್ತು ಎಲುಬು ತಡವಾಗಿ ಪಳಗುತ್ತವೆ. ಮೂರನೆಯ ವಾರಕ್ಕೆ ಉಸಿರು ಹಗುರಾಯಿತೆಂದು ಒಮ್ಮೆಲೇ ದೂರವನ್ನು ಇಮ್ಮಡಿಸಿದವನು ನಾಲ್ಕನೆಯ ವಾರ ಮೊಣಕಾಲು ಹಿಡಿದುಕೊಂಡು ಕೂರುತ್ತಾನೆ. ಆದುದರಿಂದಲೇ ಅಪ್ಪ ಒಂದು ಕಟ್ಟುಪಾಡು ಮಾಡಿದರು. ವಾರದಲ್ಲಿ ನಾಲ್ಕು ದಿನ ಸಣ್ಣ ನಡಿಗೆ, ಒಂದು ದಿನ ಉದ್ದ ನಡಿಗೆ. ಉದ್ದದ್ದು ಪ್ರತಿ ವಾರ ಒಂದೆರಡು ಕಿಲೋಮೀಟರು ಮಾತ್ರ ಬೆಳೆಯಬೇಕು. ಕೊನೆಯ ಎರಡು ವಾರಗಳಿಗೆ ಮುಂಚೆ ಒಂದರ ಹಿಂದೊಂದು ಎರಡು ರಾತ್ರಿ ನಡೆದು ನೋಡಬೇಕು. ಏಕೆಂದರೆ ಮೊದಲ ರಾತ್ರಿಯನ್ನು ಯಾರು ಬೇಕಾದರೂ ದಾಟುತ್ತಾರೆ. ನೊಂದ ಕಾಲನ್ನೇ ಎತ್ತಿ ಮತ್ತೆ ಹೊರಡಬೇಕಾದ ಎರಡನೆಯ ರಾತ್ರಿಯಲ್ಲಿ ನಿಜ ತಿಳಿಯುತ್ತದೆ.

ದೇವದುರ್ಗದ ಸೋದರಮಾವನ ಮಗನೂ ಬರುತ್ತೇನೆಂದ. ಅವನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದುವವನು. ಅವನ ತಲೆಯಲ್ಲಿದ್ದ ಇರುಳಿನ ಸಾಹಸವೇ ಬೇರೆ. ಫೋನಿನಲ್ಲಿ ಅವನು ಏರ್‌ಸಾಫ್ಟ್ ಎಂಬ ಆಟವನ್ನು ನೋಡುತ್ತಿದ್ದ. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿ, ಅಮೆರಿಕ, ಯುರೋಪುಗಳಿಗೆ ಹಬ್ಬಿದ ಆಟವಿದು. ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟಿಕೆ ಬಂದೂಕು, ಕಣ್ಣಿಗೆ ಗಟ್ಟಿ ಕನ್ನಡಕ, ಎರಡು ಪಕ್ಷ. ಕೆಲವು ಪಂದ್ಯಗಳು ಕಾಡಿನಲ್ಲಿ ರಾತ್ರಿಯಿಡೀ, ಇಪ್ಪತ್ತನಾಲ್ಕು ತಾಸೂ ನಡೆಯುತ್ತವೆ. ನೋಡುವವರ ಕಣ್ಣು ಬಂದೂಕಿನ ಮೇಲೆ. ಆದರೆ ಬೆಳಗಿನ ನಾಲ್ಕು ಗಂಟೆಗೆ ಒದ್ದೆ ಕಾಲುಚೀಲ, ಖಾಲಿ ಹೊಟ್ಟೆ, ತೂಗುವ ರೆಪ್ಪೆ ಇವುಗಳ ಮುಂದೆ ಯಾವ ಬಂದೂಕೂ ಕೆಲಸಕ್ಕೆ ಬರುವುದಿಲ್ಲ. ಒಣ ಕಾಲುಚೀಲದ ಇನ್ನೊಂದು ಜೊತೆ, ನೀರು, ತಿನ್ನಲು ಏನಾದರೂ, ಕೆಂಪು ದೀಪ, ಸರದಿಯ ನಿದ್ದೆ: ಆ ಆಟದವರು ಜೋಡಿಸಿಕೊಳ್ಳುವುದೂ ಇದನ್ನೇ. ಶ್ರೀಶೈಲದ ದಾರಿಯ ಮುದುಕರ ಗಂಟು ಬಿಚ್ಚಿದರೆ, ಕೆಂಪು ದೀಪವೊಂದನ್ನು ಬಿಟ್ಟು, ಸಿಗುವುದೂ ಇದೇ.

ರಾಯಚೂರಿನಲ್ಲಿದ್ದವನಿಗೆ ಕಾಲುವೆ ದಂಡೆ ಇರಲಿಲ್ಲ, ಕೋಟೆಯ ಬೆಟ್ಟವಿತ್ತು. ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿ ಇಳಿಯಲು ಶುರುಮಾಡಿದ. (ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಭಾರಿ ಕಲ್ಲೊಂದಿದೆ, ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಊರಿನ ಮಕ್ಕಳು ಒಮ್ಮೆಯಾದರೂ ನೋಡಬೇಕಾದದ್ದು.) ಹತ್ತುವುದಕ್ಕಿಂತ ಇಳಿಯುವುದು ಕಾಲಿಗೆ ಹೆಚ್ಚು ಕಷ್ಟ ಕೊಡುತ್ತದೆಂದು ಅವನಿಗೆ ಮೂರನೆಯ ದಿನ ತೊಡೆ ಹಿಡಿದುಕೊಂಡಾಗ ಗೊತ್ತಾಯಿತು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕು. ಅದರ ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ. ನಲ್ಲಮಲ ಕಾಡಿನ ದಾರಿಯಲ್ಲಿ ಭೀಮನಕೊಳ್ಳದ ಇಳಿತ ಮತ್ತು ಏರು ಕಾದಿರುವಾಗ ಈ ಪಾಠವನ್ನು ಊರಲ್ಲೇ ಕಲಿತುಕೊಳ್ಳುವುದು ಲೇಸು.

ಇನ್ನು ಪಾದದ ವಿಷಯ. ಇದನ್ನು ತುಸು ವಿವರವಾಗಿಯೇ ಹೇಳಬೇಕು. ಗುಳ್ಳೆ ಏಳುವುದಕ್ಕೆ ಮೂರು ಕಾರಣ ಸೇರಬೇಕು: ತಿಕ್ಕಾಟ, ಕಾವು, ತೇವ. ಚರ್ಮದ ಮೇಲಿನ ಪದರ ಬೂಟಿನ ಜೊತೆ ಒಂದು ಕಡೆ ಸರಿಯುತ್ತದೆ, ಒಳಗಿನ ಪದರ ಎಲುಬಿನ ಜೊತೆ ಇನ್ನೊಂದು ಕಡೆ. ನಡುವೆ ಬಿರುಕು ಬಿಟ್ಟು ಅಲ್ಲಿ ನೀರು ತುಂಬುತ್ತದೆ. ಬೆವರಿದ ಚರ್ಮ ಮೆತ್ತಗಾಗಿ ಬೇಗ ಸೋಲುತ್ತದೆ. ಇದಕ್ಕೆ ಪರಿಹಾರವೂ ಅಷ್ಟೇ ಸರಳ. ಹೊಸ ಬೂಟನ್ನು ಯಾತ್ರೆಯ ದಿನ ಹಾಕಕೂಡದು, ಕನಿಷ್ಠ ಐದಾರು ವಾರ ಅದರಲ್ಲೇ ನಡೆದಿರಬೇಕು. ಸಂಜೆಯ ಹೊತ್ತು ಪಾದ ತುಸು ಉಬ್ಬಿರುತ್ತದೆ, ಬೂಟನ್ನು ಸಂಜೆಯೇ ಕೊಳ್ಳಬೇಕು. ತೆಳು ಕಾಲುಚೀಲದ ಮೇಲೆ ದಪ್ಪದ್ದು ಹಾಕಿದರೆ ತಿಕ್ಕಾಟ ಎರಡು ಬಟ್ಟೆಗಳ ನಡುವೆ ಆಗಿ ಚರ್ಮ ಉಳಿಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿರಬೇಕು. ಹಿಮ್ಮಡಿ, ಬೆರಳ ಸಂದಿಗೆ ವ್ಯಾಸಲೀನು ಸವರಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲೋ ಒಂದು ಕಡೆ ಬಿಸಿ ಬಿಸಿ ಎನಿಸಿದ ಕೂಡಲೇ ನಿಲ್ಲಬೇಕು. ಆಗ ಐದು ನಿಮಿಷ ಕೂತು ಪಟ್ಟಿ ಹಚ್ಚಿದವನು ರಾತ್ರಿಯೆಲ್ಲ ನಡೆಯುತ್ತಾನೆ. ಎದ್ದ ಗುಳ್ಳೆಯನ್ನು ಸೂಜಿಯಿಂದ ಚುಚ್ಚುವ ಚಟ ನಮ್ಮಲ್ಲಿ ಬಹಳ. ಒಳಗಿನ ನೀರು ಕೆಳಗಿನ ಎಳೆ ಚರ್ಮಕ್ಕೆ ಹೊದಿಕೆ. ಮೇಲಿನ ಚರ್ಮವನ್ನು ಕಿತ್ತು ಹಾಕಿದರೆ ಧೂಳಿಗೆ ಬಾಗಿಲು ತೆಗೆದಂತೆ.

ಮಗ ನಡೆದು ಬಂದ ಮೇಲೆ ಪ್ರತಿ ಸಂಜೆ ಅಪ್ಪ ಬ್ಯಾಟರಿ ಹಿಡಿದು ಅವನ ಪಾದ ನೋಡುತ್ತಿದ್ದರು. ಅದಾದ ಮೇಲೆ ಮಗ ಅಪ್ಪನ ಪಾದ ನೋಡುತ್ತಿದ್ದ. ಸಕ್ಕರೆ ಕಾಯಿಲೆಯವರ ಪಾದವನ್ನು ದಿನಕ್ಕೊಮ್ಮೆ ಯಾರಾದರೂ ನೋಡಲೇಬೇಕು, ಯಾರೂ ಇಲ್ಲದಿದ್ದರೆ ಕನ್ನಡಿ ನೆಲಕ್ಕಿಟ್ಟು ತಾವೇ ನೋಡಿಕೊಳ್ಳಬೇಕು. ಈ ಮನೆಯಲ್ಲಿ ಅದು ಊಟಕ್ಕೆ ಮುಂಚಿನ ರೂಢಿಯಾಗಿಬಿಟ್ಟಿತು.

ಆಹಾರದ ಬಗ್ಗೆ ನಮ್ಮ ಸೀಮೆಯವರಿಗೆ ಹೊರಗಿನವರು ಹೇಳಿಕೊಡುವುದು ಹೆಚ್ಚಿಲ್ಲ. 60 ಕಿಲೋ ತೂಕದವನು ಒಂದು ಕಿಲೋಮೀಟರು ನಡೆದರೆ ಸುಮಾರು 50 ಕಿಲೋ ಕ್ಯಾಲೊರಿ ಖರ್ಚು. 30 ಕಿಲೋಮೀಟರಿಗೆ 1,500. ದೇಹ ತನ್ನ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ ಅರ್ಧ ಕಿಲೋ ಆದೀತು. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುವ ಕಟ್ಟಿಗೆ. ಸಕ್ಕರೆಯ ದಾಸ್ತಾನು ಬರಿದಾದಾಗ ಕಾಲು ಭಾರವಾಗಿ ತಲೆ ಮಂಕಾಗುತ್ತದೆ. ಆದ್ದರಿಂದ ಹೊರಡುವ ಎರಡು ತಾಸು ಮುಂಚೆ ಜೋಳದ ರೊಟ್ಟಿ, ಬೇಳೆ, ಅನ್ನ. ದಾರಿಯಲ್ಲಿ ತಾಸಿಗೊಮ್ಮೆ ಬೆಲ್ಲದ ತುಂಡು, ಹುರಿದ ಶೇಂಗಾ, ಬಾಳೆಹಣ್ಣು. ಒಂದೇ ಸಲ ಹೊಟ್ಟೆ ಬಿರಿಯುವಂತೆ ಉಂಡರೆ ರಕ್ತವೆಲ್ಲ ಜೀರ್ಣಕ್ಕೆ ಹೋಗಿ ಕಾಲು ಎಳೆಯತೊಡಗುತ್ತದೆ. ಪೆಂಡಾಲಿನಲ್ಲಿ ಪ್ರೀತಿಯಿಂದ ಬಡಿಸುವವರ ಮುಂದೆ ಸಾಕೆನ್ನುವುದು ಕಷ್ಟವೇ. ಒಗ್ಗರಣೆ ಮಂಡಾಳಿನ ಮೇಲೆ ನಾಲ್ಕು ಮಿರ್ಚಿ ಇಟ್ಟಾಗಲಂತೂ ಮತ್ತೂ ಕಷ್ಟ. ಆದರೂ ಕರಿದದ್ದನ್ನು ನಡಿಗೆ ಮುಗಿದ ಮೇಲೆ ತಿನ್ನುವುದೇ ವಾಸಿ.

ನೀರಿನ ವಿಷಯದಲ್ಲಿ ಮಾತ್ರ ತಿಳಿದವರೂ ತಪ್ಪುತ್ತಾರೆ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುತ್ತ ಹೋದರೆ ರಕ್ತದ ಉಪ್ಪು ತೆಳುವಾಗಿ ತಲೆನೋವು, ವಾಂತಿ, ಕೊನೆಗೆ ಎಚ್ಚರ ತಪ್ಪುವುದೂ ಉಂಟು. ಕಡಿಮೆ ಕುಡಿದರೂ ಅಪಾಯ, ಬರೀ ನೀರೇ ಅತಿಯಾದರೂ ಅಪಾಯ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ನರಕ್ಕೆ ಕೊಡುವ ದ್ರಾವಣ ಸಾಲದೆ, ಉಪ್ಪು ಮತ್ತು ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸುಮಾರು 30ರಷ್ಟಿದ್ದ ಶೇಕಡಾ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಅದರ ಗುಟ್ಟು ಇಷ್ಟೇ: ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸು ಕೈ ಹಿಡಿದುಕೊಂಡು ಒಟ್ಟಿಗೆ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನು ಹತ್ತುತ್ತದೆ. ಒಂದು ಲೀಟರು ಶುದ್ಧ ನೀರಿಗೆ ಮಟ್ಟ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಹೆಚ್ಚಿಗೆ ಹಾಕಿದರೆ ಹೆಚ್ಚು ಗುಣ ಎಂದು ತಿಳಿಯಬಾರದು. ಮೂತ್ರದ ಬಣ್ಣ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ತಿಳಿ ಹಳದಿಯಾಗಿದ್ದರೆ ಸರಿ, ಚಹಾದಂತೆ ಕಂದಾಗಿದ್ದರೆ ಅಥವಾ ಐದಾರು ತಾಸು ಹೋಗದೇ ಇದ್ದರೆ ನಿಲ್ಲಬೇಕು.

ಯುಗಾದಿಯ ನಡಿಗೆಗೂ ಚಂದ್ರನಿಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡುತ್ತಾನೆ. ಆಮೇಲೆ ಪ್ರತಿ ದಿನ ಸರಾಸರಿ 50 ನಿಮಿಷ ತಡ. 2025ರಲ್ಲಿ ಹುಣ್ಣಿಮೆ ಮಾರ್ಚ್ 14ಕ್ಕೆ, ಯುಗಾದಿ ಮಾರ್ಚ್ 30ಕ್ಕೆ. ಮಾರ್ಚ್ 20ಕ್ಕೆ ಮಾನ್ವಿಯಿಂದ ಹೊರಟವರಿಗೆ ಮೊದಲ ರಾತ್ರಿ ಚಂದ್ರ ಕಂಡದ್ದು ನಡುರಾತ್ರಿಯ ಹೊತ್ತಿಗೆ. ದಿನ ಕಳೆದಂತೆ ಅವನು ಬೆಳಗಿನ ಜಾವಕ್ಕೆ ಸರಿದ. ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರಂ, ನಾಗಲೂಟಿಯ ಕಾಡಿಗೆ ಬರುವಷ್ಟರಲ್ಲಿ ಅಮಾವಾಸ್ಯೆ ಹತ್ತಿರ. ದಾರಿ ಸುಲಭವಾಗಿದ್ದಾಗ ಬೆಳದಿಂಗಳು, ಕಠಿಣವಾದಾಗ ಕತ್ತಲೆ ಎಂಬುದು ಪಂಚಾಂಗದಲ್ಲೇ ಬರೆದಿದೆ. ಆ ಕಾಡು ಹುಲಿಗಳ ರಕ್ಷಿತಾರಣ್ಯ. ಅಲ್ಲಿ ಯಾವಾಗ ನಡೆಯಬೇಕು, ಯಾವಾಗ ತಂಗಬೇಕು ಎಂಬುದನ್ನು ಅರಣ್ಯ ಇಲಾಖೆಯವರು ಹೇಳಿದಂತೆ ಕೇಳಬೇಕು. ಗುಂಪು ಬಿಟ್ಟು ಅಡ್ಡದಾರಿ ಹಿಡಿಯುವ ಜಾಣತನ ಬೇಡ.

ಕತ್ತಲೆಗೂ ತಾಲೀಮು ಉಂಟು. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಕ್ಷಿಪಟದ ಸರಳುಕೋಶಗಳಲ್ಲಿ ರೊಡಾಪ್ಸಿನ್ ಎಂಬ ವಸ್ತು ಮತ್ತೆ ಕೂಡಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಯಾರೋ ಫೋನಿನ ಟಾರ್ಚನ್ನು ಮುಖಕ್ಕೆ ಹಿಡಿದರೆ ಅಷ್ಟೂ ಹಾಳು, ಮತ್ತೆ ಮೊದಲಿನಿಂದ ಶುರು. ಕೆಂಪು ಬೆಳಕು ಈ ಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ, ಅದಕ್ಕೇ ಆಟದವರ ಚೀಲದಲ್ಲಿ ಕೆಂಪು ದೀಪ. ಇನ್ನೊಂದು ಸ್ವಾರಸ್ಯ: ಕಣ್ಣಿನ ನಟ್ಟನಡುವೆ ಸರಳುಕೋಶಗಳಿಲ್ಲ. ಕತ್ತಲಲ್ಲಿ ಒಂದು ಮಸುಕಾದ ವಸ್ತುವನ್ನು ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಇವತ್ತೇ ರಾತ್ರಿ ಮಾಳಿಗೆ ಹತ್ತಿ ಒಂದು ಸಣ್ಣ ನಕ್ಷತ್ರದ ಮೇಲೆ ಪ್ರಯೋಗ ಮಾಡಿ ನೋಡಬಹುದು.

ಹುಲಿಗಿಂತ ಹೆದರಬೇಕಾದದ್ದು ಲಾರಿಗೆ. 60 ಕಿಲೋಮೀಟರು ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಕಪ್ಪು ಅಂಗಿ ತೊಟ್ಟವನು 30 ಮೀಟರಿನಲ್ಲಿ ಕಣ್ಣಿಗೆ ಬಿದ್ದನೆಂದರೆ ಚಾಲಕನಿಗೆ ಉಳಿಯುವುದು ಎರಡು ಸೆಕೆಂಡಿಗೂ ಕಡಿಮೆ. ಅಪ್ಪ ಇಬ್ಬರು ಹುಡುಗರ ಚೀಲಕ್ಕೂ ಬೆನ್ನಿಗೂ ರೇಡಿಯಂ ಪಟ್ಟಿ ಹಚ್ಚಿಸಿದರು. (ಜನ ರೇಡಿಯಂ ಎನ್ನುತ್ತಾರೆ, ಅದರಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಸಣ್ಣ ಗಾಜಿನ ಮಣಿಗಳು ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸುತ್ತವೆ, ಅಷ್ಟೇ.) ರಸ್ತೆಯ ಬಲಗಡೆ, ಎದುರು ಬರುವ ಗಾಡಿಗಳಿಗೆ ಮುಖ ಮಾಡಿ, ಒಬ್ಬರ ಹಿಂದೊಬ್ಬರು. ಕಿವಿಗೆ ಹಾಡು ಹಾಕಿಕೊಳ್ಳಕೂಡದು. ರಸ್ತೆ ಪಕ್ಕ ಡಾಂಬರು ತಣ್ಣಗಿದೆಯೆಂದು ಅಲ್ಲೇ ಮಲಗಕೂಡದು.

ಉಳಿದದ್ದು ನಿದ್ದೆ. ಮನುಷ್ಯನ ದೇಹದಲ್ಲಿ ಒಂದು ಗಡಿಯಾರವಿದೆ. ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಂ.ಕೆ. ಚಂದ್ರಶೇಖರನ್ ಅವರು ಗುಹೆಯ ಬಾವಲಿಗಳ ಮೇಲೂ, ಹಗಲು ರಾತ್ರಿ ತಿಳಿಯದ ಕೋಣೆಯಲ್ಲಿ ಒಂಟಿಯಾಗಿದ್ದ ಮನುಷ್ಯರ ಮೇಲೂ ಈ ಗಡಿಯಾರವನ್ನು ಅಭ್ಯಾಸ ಮಾಡಿದ್ದರು. ಅದರ ಒಳಗಿನ ಯಂತ್ರವನ್ನು ಬಿಡಿಸಿದ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಬಂತು. ಬೆಳಗಿನ ಮೂರರಿಂದ ಐದರ ನಡುವೆ ದೇಹದ ಕಾವು ಅತ್ಯಂತ ಕೆಳಗಿಳಿದಿರುತ್ತದೆ, ಎಚ್ಚರವೂ ಅಷ್ಟೇ. ಎಡವುವುದು, ದಾರಿ ತಪ್ಪುವುದು, ಜಗಳ ಹತ್ತುವುದು ಹೆಚ್ಚಾಗಿ ಆ ಹೊತ್ತಿನಲ್ಲಿಯೇ. 17 ತಾಸು ಎಚ್ಚರವಿದ್ದವನ ಚುರುಕು ಕುಡಿದವನ ಚುರುಕಿನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಅಳೆದು ತೋರಿಸಿದರು. ಈ ಗಡಿಯಾರವನ್ನು ಒಂದೇ ದಿನದಲ್ಲಿ ತಿರುಗಿಸಲು ಬರುವುದಿಲ್ಲ. ಹೊರಡುವ ಮುಂಚಿನ ವಾರ ರಾತ್ರಿ ಬೇಗ ಮಲಗಿ ಬೆಳಗಿನ ಜಾವ ಬೇಗ ಏಳುತ್ತ ಬರಬೇಕು, ಮಧ್ಯಾಹ್ನ ಕತ್ತಲು ಕೋಣೆಯಲ್ಲಿ ಮಲಗುವುದನ್ನು ರೂಢಿಸಿಕೊಳ್ಳಬೇಕು.

ಅದೇ ಮನೆಯಲ್ಲಿ ತಂಗಿ ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದಳು. ಅಣ್ಣನಿಗೆ ನಿದ್ದೆಯ ಪಾಠ ಹೇಳಿದ ಅಪ್ಪನೇ ಮಗಳಿಗೆ ರಾತ್ರಿ ಎರಡರವರೆಗೆ ಓದಲು ಚಹಾ ಕಾಸಿಕೊಡಲು ಹೊರಟಿದ್ದರು. "ಅವಂಗೊಂದು ನಿಯಮ, ನಂಗೊಂದು ನಿಯಮ ಏನಪ್ಪ?" ಎಂದು ಅವಳು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಓದಿದ್ದು ನೆನಪಾಗಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಎಚ್ಚರವಿದ್ದು ಬೆಳಿಗ್ಗೆ ಗಣಿತದ ಪ್ರಶ್ನೆಪತ್ರಿಕೆ ಬಿಡಿಸುವವನೂ, ಮೂರನೆಯ ರಾತ್ರಿ ತೂಕಡಿಸುತ್ತ ಹೆದ್ದಾರಿಯಲ್ಲಿ ನಡೆಯುವವನೂ ಒಂದೇ ಸ್ಥಿತಿಯಲ್ಲಿರುತ್ತಾರೆ. ಅಂದಿನಿಂದ ಹತ್ತೂವರೆಗೆ ಆ ಮನೆಯ ದೀಪ ಆರುತ್ತಿತ್ತು.

ಹುಡುಗರು ಮಾರ್ಚ್ 20ರ ಸಂಜೆ ಹೊರಟರು. ಮೊದಲೆರಡು ರಾತ್ರಿ ಚೆನ್ನಾಗಿಯೇ ಕಳೆದವು. ಮೂರನೆಯ ರಾತ್ರಿ ದೊಡ್ಡ ತಂಡವೊಂದು ಇವರನ್ನು ಹಿಂದೆ ಹಾಕಿತು. ಅದರಲ್ಲಿ ದೇವದುರ್ಗದ ಪರಿಚಯದವರಿದ್ದರು. ಅವರ ಜೊತೆಗೂಡುವ ಹುಮ್ಮಸ್ಸಿನಲ್ಲಿ ಎಂಟಕ್ಕೆ ನಿಲ್ಲಬೇಕಾದ ನಡಿಗೆ ಹತ್ತೂವರೆಯಾದರೂ ನಿಲ್ಲಲಿಲ್ಲ. ದೇವದುರ್ಗದವನು ರಾತ್ರಿಯಿಂದ ಮೂತ್ರಕ್ಕೆ ಹೋಗಿರಲಿಲ್ಲ, ತಲೆ ಸಿಡಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಳುಬುರುಕ ಎಂದಾರು ಎಂಬ ಅಂಜಿಕೆ. ಕೊನೆಗೆ ಅವನು ರಸ್ತೆಯ ನಡುವಿಗೆ ವಾಲತೊಡಗಿದ. "ಹಾಸ್ಟೆಲ್ ಬಂತೇನು?" ಎಂದು ಕೇಳಿದಾಗ ಮಾನ್ವಿಯವನಿಗೆ ಎದೆ ಧಸಕ್ಕೆಂದಿತು.

ಮಾತು ತೊದಲುವುದು, ಸ್ಥಳದ ಅರಿವು ತಪ್ಪುವುದು ಇವು ಬಿಸಿಲು ಮಿದುಳಿಗೆ ತಟ್ಟಿದ ಗುರುತು. ಆಗ ನೀರು ಕುಡಿಸುವುದಕ್ಕಿಂತ ಮೈ ತಣಿಸುವುದು ಮೊದಲು. ಎಚ್ಚರ ಸರಿಯಿಲ್ಲದವನ ಬಾಯಿಗೆ ನೀರು ಹಾಕಿದರೆ ಶ್ವಾಸಕ್ಕೆ ಹೋದೀತು. ಬೇವಿನ ಮರದ ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಟವೆಲಿನಿಂದ ಬೀಸುತ್ತ, 108ಕ್ಕೆ ಫೋನು ಮಾಡಿಸಿದ. ದೊಡ್ಡ ತಂಡದವರು ಸ್ವಲ್ಪ ಹೊತ್ತು ನಿಂತು, ಬಿಸಿಲೇರುತ್ತದೆಂದು ಮುಂದೆ ಹೋದರು. ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಅವನು ಚೇತರಿಸಿಕೊಂಡ. ಇನ್ನು ಕೆಲವು ದಿನ ಬಿಸಿಲಿಗೆ ಬೀಳಕೂಡದೆಂದು ವೈದ್ಯರು ಹೇಳಿದ್ದರಿಂದ ದೇವದುರ್ಗದಿಂದ ಸೋದರಮಾವ ಬಂದು ಕರೆದೊಯ್ದರು.

ಎರಡು ರಾತ್ರಿ ಆಸ್ಪತ್ರೆಯ ಜಗುಲಿಯಲ್ಲಿ ಕಳೆದ ಮಾನ್ವಿಯ ಹುಡುಗ ಊರಿನ ತಂಡವನ್ನು ಹಿಡಿಯಬೇಕಾದರೆ ಆತ್ಮಕೂರಿನವರೆಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಹಾಗೆ ಮಾಡಿದರೆ ಅಪ್ಪನ ಹನ್ನೆರಡನೆಯ ವರ್ಷ ಲೆಕ್ಕಕ್ಕೆ ಬಂದೀತೇ? ಕೇಳಲು ಫೋನು ಮಾಡಿದ.

ಅಪ್ಪ ಎಲ್ಲ ಕೇಳಿಸಿಕೊಂಡರು. ದೇವದುರ್ಗದವನು ಏನು ಉಂಡ, ಜ್ವರ ಬಿಟ್ಟಿತೇ, ಯಾರ ಜೊತೆ ಹೋದ ಎಂದು ವಿಚಾರಿಸಿದರು. ಹರಕೆಯ ಮಾತನ್ನೇ ಎತ್ತಲಿಲ್ಲ.

"ನಿನ್ನ ಕಾಲು ಹ್ಯಾಂಗದಾವ?"

"ಚಲೋ ಅದಾವಪ್ಪ. ಗುಳ್ಳಿ ಇಲ್ಲ."

"ಬಸ್ಸು ಎಷ್ಟಕ್ಕೈತಿ?"

"ನಾಲ್ಕಕ್ಕ."

"ಹಂಗಾದ್ರ ಇನ್ನ ಹೊತ್ತೈತಿ. ಕಾಲುಚೀಲ ಒಗದು ಬಿಸಿಲಿಗೆ ಹಾಕು."